ಹನ್ನೆರಡು ಜನವೋ, ಒಬ್ಬ ಜಡ್ಜೋ?

ಅಮೆರಿಕದ ಫೆಡರಲ್ (ಅಂದರೆ ಕೇಂದ್ರದ) ಕೋರ್ಟಿನಲ್ಲಿ ದೊಡ್ಡ ಕ್ರಿಮಿನಲ್ ಕೇಸು ಎದುರಿಸುವವರು ತೀರ್ಪನ್ನು ಜ್ಯೂರಿಗೆ (ಆರಿಸಿದ ಸಾಮಾನ್ಯ ಜನರ ಗುಂಪಿಗೆ) ಬಿಡೋದೋ, ಒಬ್ಬ ಜಡ್ಜ್‌ಗೆ ಬಿಡೋದೋ ಅಂತ ಯೋಚಿಸಲೇಬೇಕು. ಜ್ಯೂರಿ ಆದರೆ 12 ಜನರೂ ಒಪ್ಪಬೇಕು, ಒಬ್ಬರು ಒಲ್ಲೆ ಅಂದರೂ ಅಪರಾಧಿ ಅನ್ನೋ ತೀರ್ಪು ಬರುವುದಿಲ್ಲ (ಮತ್ತೆ ವಿಚಾರಣೆ ನಡೆಯಬಹುದು, ಅದು ಬೇರೆ ಮಾತು). ವಕೀಲರ ಅರ್ಧ ಕೆಲಸ ಜ್ಯೂರಿಗೆ ಜನರನ್ನು ಆರಿಸುವಾಗಲೇ. ಮರಣದಂಡನೆ ಇಲ್ಲದ, ಒಂದು ವರ್ಷಕ್ಕಿಂತ ಜಾಸ್ತಿ ಜೈಲಾಗಬಹುದಾದ ಕೇಸಿನಲ್ಲಿ ಆರೋಪಿ ಕಡೆಯವರು ಕಾರಣ ಹೇಳದೆ 10 ಜನರನ್ನು ಬೇಡ ಅನ್ನಬಹುದು, ಸರ್ಕಾರಿ ವಕೀಲರು 6 ಜನರನ್ನು. ಆಮೇಲೆ ಆ ಜನರಿಗೆ ಅರ್ಥವಾಗಲಿ ಅಂತ ಬ್ಯಾಂಕ್ ಲೆಕ್ಕದಂಥ ಒಣ ಸಾಕ್ಷ್ಯವನ್ನೂ ದೊಡ್ಡ ಚಾರ್ಟ್ ಮಾಡಿ ಕತೆ ಥರ ಹೇಳಬೇಕು.

ಜಡ್ಜ್ ಒಬ್ಬರೇ ಆದರೆ ಈ ರಗಳೆ ಕಡಿಮೆ, ನೇರ ಪಾಯಿಂಟಿಗೆ ಬರಬಹುದು. ಆದರೆ ಸುಮ್ನೆ ಕೇಳಿದರೆ ಸಿಗಲ್ಲ, ಸರ್ಕಾರವೂ ಕೋರ್ಟೂ ಒಪ್ಪಬೇಕು. ನನ್ನ ಕೇಳಿದರೆ, ತೊಡಕು ಕಾನೂನಿನದಾದರೆ ಜಡ್ಜ್. ಸಾಕ್ಷಿಯನ್ನು ನಂಬೋದೋ ಬಿಡೋದೋ ಅನ್ನೋದಾದರೆ ಜ್ಯೂರಿ.