ಕಿಡ್ನಿ ಊತದ ಕೋಡಿಂಗ್: ಪುಸ್ತಕ, ಪುಕ್ಕಟೆ ಸೈಟ್, ಎನ್‌ಕೋಡರ್

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ (ರೋಗಿಯ ದಾಖಲೆ) ಓದಿ ಕಾಯಿಲೆಗಳಿಗೆ ಕೋಡ್ ಹಾಕುವ ಕೆಲಸ ನನ್ನದು. ಯೂರಾಲಜಿ, ಅಂದರೆ ಮೂತ್ರಾಂಗದ ಕಾಯಿಲೆಗಳೇ ಜಾಸ್ತಿ. ಈ ವರ್ಷ ಸ್ವಂತ ದುಡ್ಡಿನಲ್ಲಿ ಐಸಿಡಿ-10-ಸಿಎಂ (ಅಮೆರಿಕದಲ್ಲಿ ಬಳಸುವ ಕಾಯಿಲೆ ಕೋಡ್‌ಗಳ ಪಟ್ಟಿ) ಅಚ್ಚಿನ ಪುಸ್ತಕ ತರಿಸಿಕೊಂಡೆ. ಕೊಟ್ಟ ಹಣಕ್ಕೆ ಮೋಸವಿಲ್ಲ.

ಕೋಡ್ ಹುಡುಕುವ ಪುಕ್ಕಟೆ ಸೈಟ್‌ಗಳ ಮೇಲೆ ನನಗಿರುವುದು ಒಂದೇ ತಕರಾರು, ಆದರೆ ದೊಡ್ಡದು. ಹೈಡ್ರೋನೆಫ್ರೋಸಿಸ್ (ಮೂತ್ರ ಕಟ್ಟಿ ಕಿಡ್ನಿ ಊದುವುದು) ಎಂದು ಹುಡುಕಿದರೆ ಥಟ್ಟನೆ ಎನ್13.30 ಕಣ್ಣಿಗೆ ಬೀಳುತ್ತದೆ. ಕಾರಣ ಹೇಳದ ಊತ ಅಂತ ಅದರರ್ಥ. ಚಾರ್ಟ್‌ನಲ್ಲಿ ಮೂತ್ರನಾಳದ ಕಲ್ಲೂ ಇದೆ ಅನ್ನಿ. ಅದನ್ನು ಬೇರೆ ಹುಡುಕಿದರೆ ಎನ್20.1 ಸಿಗುತ್ತದೆ. ಎರಡನ್ನೂ ಹಾಕಿದರೆ ಆಯ್ತು ಅನ್ನಿಸುತ್ತದೆ, ಅಲ್ವಾ? ಆಗಲಿಲ್ಲ. ಕಲ್ಲು ಅಡ್ಡ ಬಂದು ಕಿಡ್ನಿ ಊದಿದ್ದರೆ ಎರಡಕ್ಕೂ ಸೇರಿ ಒಂದೇ ಕೋಡ್, ಎನ್13.2. ಎನ್20 ಇರುವುದು ಊತ ಇಲ್ಲದ ಕಲ್ಲಿಗೆ. ಇನ್ನು ಸೋಂಕೂ ಸೇರಿಕೊಂಡಿದ್ದರೆ ಎನ್13.6ಕ್ಕೆ ಹೋಗಬೇಕು. ರೋಗಾಣು ಗೊತ್ತಿದ್ದರೆ ಬಿ95ರಿಂದ ಬಿ97ರವರೆಗಿನ ಕೋಡ್ ಒಂದನ್ನು ಜೊತೆಗೆ ಕೊಡಬೇಕು. ಈ ಸೂಚನೆಗಳು ಸೈಟ್‌ನಲ್ಲೂ ಇರುತ್ತವೆ, ಆದರೆ ಒಂದೊಂದು ಕೋಡ್‌ಗೂ ಒಂದೊಂದು ಪುಟ. ಆಚೀಚೆ ಓಡಾಡುವಷ್ಟರಲ್ಲಿ ಕೈ ತಪ್ಪುತ್ತದೆ.

ಪುಸ್ತಕದಲ್ಲಿ ಇಡೀ ಎನ್13 ಒಂದೇ ನೋಟಕ್ಕೆ ಸಿಗುತ್ತದೆ. ಎನ್13.0ರ (ಕಿಡ್ನಿ-ಮೂತ್ರನಾಳ ಸೇರುವಲ್ಲಿ ತಡೆಯಾಗಿ ಬಂದ ಊತ) ಪಕ್ಕ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ: "ಹುಟ್ಟಿನಿಂದ ಇದ್ದರೆ ಕ್ಯೂ62.11." ಎಡ-ಬಲ ಹೇಳುವ ಕೋಡ್ ಇಲ್ಲಿ ಇಲ್ಲ, ಸುಮ್ನೆ ಹುಡುಕಬೇಡಿ.

ಎನ್‌ಕೋಡರ್, ಅಂದರೆ ಕೋಡ್ ಹುಡುಕಿಕೊಡುವ ಸಾಫ್ಟ್‌ವೇರ್, ವೇಗ. ಪ್ರಶ್ನೆ ಕೇಳುತ್ತಾ ಕೋಡ್‌ವರೆಗೆ ಕರೆದೊಯ್ಯುತ್ತದೆ. ಕಂಪನಿ ಕೊಟ್ಟರೆ ಬಳಸಿ, ಸ್ವಂತಕ್ಕೆ ದುಬಾರಿ.

ಡಾಕ್ಟರ್ ಬರೆಯದಿದ್ದನ್ನು ಮಾತ್ರ ಮೂರರಲ್ಲಿ ಯಾವುದೂ ತುಂಬಿಕೊಡುವುದಿಲ್ಲ. ಊತ, ಕಲ್ಲು ಎರಡನ್ನೂ ಬರೆದು ಸಂಬಂಧ ಹೇಳದಿದ್ದರೆ, ಸಂಬಂಧ ಇಲ್ಲ ಅಂತ ಬರೆಯದ ಹೊರತು ಐಸಿಡಿ ನಿಯಮವೇ ಅವೆರಡಕ್ಕೂ ಸಂಬಂಧವಿದೆ ಎಂದು ಹಿಡಿಯುತ್ತದೆ. ಆದರೆ ಊತದ ಕಾರಣ ಚಾರ್ಟ್‌ನಿಂದ ಸ್ಪಷ್ಟವಾಗದಿದ್ದರೆ ಡಾಕ್ಟರಿಗೆ ಕ್ವೆರಿ (ಬರಹದ ಪ್ರಶ್ನೆ) ಕಳಿಸಬೇಕು. "ಊತಕ್ಕೆ ಕಾರಣವೇನು, ದಯವಿಟ್ಟು ತಿಳಿಸಿ" ಎಂದು ಕೇಳಿ. "ಕಲ್ಲಿನಿಂದಲೇ ಅಲ್ವಾ" ಎಂದು ಉತ್ತರವನ್ನು ನಾವೇ ಬಾಯಿಗೆ ಇಡಬಾರದು.

ಅಕ್ಟೋಬರ್ 1ಕ್ಕೆ ಹೊಸ ಕೋಡ್‌ಗಳು ಬರುತ್ತವೆ, ಪುಸ್ತಕವೂ ಹೊಸದೇ ಬೇಕು. ಈ ಖರ್ಚು ನನಗೆ ಒಪ್ಪಿಗೆ, ಏಕೆಂದರೆ ಗೆರೆ ಎಳೆಯದೆ ನನಗೆ ಓದಲು ಬರುವುದಿಲ್ಲ. ಸಿಪಿಸಿ (ಕೋಡರ್‌ಗಳ ಪ್ರಮಾಣಪತ್ರ) ಪರೀಕ್ಷೆ ಬರೆಯುವವರಿಗಂತೂ ಪುಸ್ತಕ ತೆರೆದು ನೋಡಲು ಅನುಮತಿ ಇದೆ. ಕೈಯಲ್ಲಿ ದುಡ್ಡಿಲ್ಲದವರು ಸಿಡಿಸಿ (ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ) ಕೊಡುವ ಪುಕ್ಕಟೆ ಪಿಡಿಎಫ್ ಇಳಿಸಿಕೊಂಡು ಎನ್13, ಎನ್20 ಮತ್ತು ಕ್ಯೂ62ರ ಪುಟಗಳನ್ನು ಪ್ರಿಂಟ್ ಹಾಕಿಸಿ.