ಕಾವಿಗೆ ಕುಂತ ಕೋಳಿ: ಬಕೆಟ್ ನೀರೋ, ಟೊಮೆಟೊ ಕ್ರೇಟೋ, ಇಲ್ಲಾ ಸುಮ್ಮ ಕೂಡಾಕ ಬಿಡೂದೋ?

ಧಾರವಾಡದಾಗ ನಮ್ಮ ಮನಿ ಹಿತ್ತಲದಾಗ ಆರು ಕೋಳಿ ಅದಾವು, ನಾಕು ಜವಾರಿ, ಎರಡು ಗಿರಿರಾಜ. ಹುಂಜ ಇಲ್ಲ, ನಸುಕಿನ್ಯಾಗ ಕೂಗತೈತಿ ಅಂತ ಓಣಿ ಮಂದಿ ಬೈತಾರ. ಗಿರಿರಾಜದ್ದು ಕಿರಿಕಿರಿ ಇಲ್ಲ, ಹೆಬ್ಬಾಳದ ವೆಟರ್ನರಿ ಕಾಲೇಜಿನ್ಯಾಗ ತಯಾರಾದ ತಳಿ ಅದು, ಕಾವಿಗೆ ಕೂಡೂದು ಭಾಳ ಕಡಿಮಿ. ಜವಾರಿ ಹಂಗಲ್ಲ, ಹನ್ನೆರಡು ಹದಿನೈದು ತತ್ತಿ ಇಟ್ಟು ಆತಂದ್ರ ಕುಂತ ಬಿಡತೈತಿ, ಅಲ್ಲಿಗೆ ತತ್ತಿ ಬಂದ್. ಎರಡು ವರ್ಷದಾಗ ನಾ ಎಲ್ಲಾ ಥರ ಮಾಡಿ ನೋಡೇನಿ, ಯಾವುದು ಹೆಂಗ ಅಂತ ಹೇಳತೇನಿ.

ಮೊದಲ ಎಲ್ಲಾರೂ ಮಾಡೂದನ್ನ ನಾನೂ ಮಾಡ್ದೆ, ಬುಡಕಿನ ತತ್ತಿ ತಗದು ಕೋಳಿ ಎತ್ತಿ ಹೊರಗ ಬಿಡೂದು. ಕರೇ ಕೋಳಿಗೆ ದಿನಕ್ಕ ಐದಾರು ಸಲ ಹಿಂಗ ಮಾಡಿದ್ರೂ ಹತ್ತು ನಿಮಿಷದಾಗ ಮತ್ತ ಹೆಡಗಿಯೊಳಗ ಹಾಜರ್. ತತ್ತಿ ಇಲ್ಲದಿದ್ರೇನಾತು, ಒಂದಿನ ಕೈ ಹಾಕಿ ನೋಡಿದ್ರ ಎದಿ ಬುಡಕ ಒಂದು ಉಳ್ಳಾಗಡ್ಡಿ ಇಟಗೊಂಡು ಕುಂತೈತಿ, ಉಳ್ಳಾಗಡ್ಡಿ ಬೆಚ್ಚಗಾಗಿತ್ತು ನೋಡ್ರಿ! ಎರಡು ವಾರ ಹೋತು, ನನ್ನ ಕೈಮ್ಯಾಲೆ ಕುಕ್ಕಿದ ಗಾಯ ಬಿಟ್ರ ಏನೂ ಸಿಗಲಿಲ್ಲ.

ಆಮ್ಯಾಲೆ ನೀರು. ನಮ್ಮತ್ತಿ ಊರ ಕಡೆ ಇದನ್ನ ಮಾಡತಾರಂತ, ಹೊಟ್ಟಿ ತನಕ ತಣ್ಣೀರಾಗ ಅದ್ದಿ ಬಿಡೂದು. ಏಪ್ರಿಲ್‌ನ್ಯಾಗ ಮಾಡಿದಾಗ ಕೋಳಿಗೆ ಬಿಸಲಾಗ ಆರಾಮ ಅನಿಸ್ತೇನೋ, ಮೈ ಝಾಡಿಸಿ ಅರ್ಧ ತಾಸಿಗೆ ವಾಪಸ್ ಗೂಡಿಗೆ ಹೋತು. ಆಷಾಢದಾಗ ಇನ್ನೊಂದಕ್ಕ ಮಾಡಿ ತಪ್ಪ ಮಾಡ್ದೆ, ನಮ್ಮ ಧಾರವಾಡದ ಜಿಟಿಜಿಟಿ ಮಳಿ ನಿಮಗ ಗೊತ್ತ ಐತಿ, ಪುಕ್ಕಾ ಒಣಗಲೇ ಇಲ್ಲ, ಮರುದಿನ ಮೂಗು ಸೊರಸೊರ, ಕಾಳು ಮುಟ್ಟಲಿಲ್ಲ. ಅತ್ತಿನ ಅಂದ್ರು, "ಸಾಕವಾ, ಆ ಪಾಪದ ಜೀವಕ್ಕ ಮತ್ತ ನೀರ ತೋರಸಬ್ಯಾಡ." ಮೂಗಿನ್ಯಾಗ ಪುಕ್ಕಾ ಚುಚ್ಚೂದು ಅಂತ ಇನ್ನೊಂದು ಐತಿ, ಅದನ್ನ ನಾ ಮಾಡಿಲ್ಲ, ಮಾಡೂದೂ ಇಲ್ಲ.

ಈಗ ಕ್ರೇಟಿಗೆ ಬರ್ತೇನಿ, ಯಾಕಂದ್ರ ನನಗ ಕೆಲಸ ಆಗಿದ್ದು ಇದರಿಂದ. ಟೊಮೆಟೊ ತರೂ ಪ್ಲಾಸ್ಟಿಕ್ ಕ್ರೇಟ್ ಎರಡು, ತಳಕ್ಕ ಕಿಂಡಿ ಇರೂವಂಥಾವು. ಒಂದನ್ನ ನಾಕು ಇಟ್ಟಂಗಿ ಮ್ಯಾಲ ಇಟ್ಟೆ, ತಳಕ್ಕ ಗಾಳಿ ಆಡಬೇಕಲ್ಲ, ಇನ್ನೊಂದನ್ನ ಬೋರಲ ಹಾಕಿ ಮ್ಯಾಲ ಕಲ್ಲು. ಒಳಗ ಕಣಕಿ ಇಲ್ಲ, ಹೊಟ್ಟಿಲ್ಲ, ಮೆತ್ತಗಿಂದು ಏನೂ ಇಲ್ಲ, ನೀರಿನ ಬಟ್ಟಲ ಮತ್ತ ಜ್ವಾಳದ ನುಚ್ಚು ಅಷ್ಟ. ನೆಳ್ಳಾಗ ಇಡಬೇಕು, ಬಾಕಿ ಕೋಳಿ ಕಾಣೂ ಹಂಗ. ಕಾವಿನ ಹುಕಿ ಎಬ್ಬಸೂ ಪ್ರೊಲ್ಯಾಕ್ಟಿನ್ ಅನ್ನೂ ಹಾರ್ಮೋನು ಗೂಡಿನ ಬೆಚ್ಚಗಿನ ಸ್ಪರ್ಶದಿಂದ ಏರತೈತಿ, ಗೂಡು ತಪ್ಪಿಸಿದ್ರ ಇಳಿತೈತಿ, ಆದ್ರ ಹುಕಿ ಪೂರ್ತಿ ಬಿಡಾಕ ದಿನಗಟ್ಟಲೆ ಬೇಕು. ಅದಕ್ಕ ಐದು ನಿಮಿಷದ ನೀರು ಸಾಲಂಗಿಲ್ಲ. ಮೊದಲ ದಿನ ಒದರಾಟ, ಎರಡನೇ ದಿನ ಸಿಟ್ಟು. ಮೂರನೇ ದಿನ ಸಂಜೀಕ ಬಿಟ್ಟು ನೋಡ್ದೆ, ಸೀದಾ ಹೆಡಗಿ ಕಡೆ ಓಟ, ಹಿಡಿದು ಮತ್ತ ಒಳಗ. ಐದನೇ ದಿನ ಬಿಟ್ಟಾಗ ಗೂಡು ಬಿಟ್ಟು ತಿಪ್ಪಿ ಕೆದರಾಕ ಹೋತು, ಹತ್ತು ದಿನಕ್ಕ ತತ್ತಿ ಇಟ್ಟಿತು. ಮುಂದಿನ ಸಲ ಬ್ಯಾರೆ ಕೋಳಿ ಕುಂತ ಮರುದಿನಾನ ಹಾಕಿದ್ದೆ, ಮೂರ ದಿನಕ್ಕ ಮುಗೀತು. ತಡ ಮಾಡಿದ್ರ ತಡ ಆಗತೈತಿ.

ರಾತ್ರಿ ಮಾತ್ರ ಕ್ರೇಟ್ ಮನಿ ಒಳಗ ತಂದಿಡ್ರಿ. ಮುಂಗಸಿ ಕಾಟ ನಮ್ಮ ಕಡೆ ಜೋರ.

ಇನ್ನ ಕಾವಿಗೆ ಬಿಡೂದು. ಹುಂಜ ಇರೂ ಮನಿಯಿಂದ ತತ್ತಿ ತರಬೇಕು, ನಮ್ಮ ಹಿತ್ತಲದ್ದು ಎಷ್ಟ ಕೂಡಿಸಿದ್ರೂ ಮರಿ ಆಗಂಗಿಲ್ಲ. ಪಕ್ಕದ ಓಣಿ ಕಾಕುನ ಕಡಿಂದ 11 ತತ್ತಿ ತಂದು ರಾತ್ರಿ ಕತ್ತಲಾಗ ಬುಡಕ ಸರಿಸಿದ್ನಿ, ಎಂಟನೇ ದಿನ ಮೊಬೈಲ್ ಟಾರ್ಚ್ ಹಚ್ಚಿ ನೋಡಿದ್ರ ಎರಡರಾಗ ಏನೂ ಇಲ್ಲ, ತಗದ್ನಿ. 21ನೇ ದಿನಕ್ಕ ಎಂಟು ಮರಿ ಹೊರಬಂದುವು, ಒಂದು ತತ್ತಿಯೊಳಗ ಸತ್ತಿತ್ತು. ಎರಡು ಮರಿ ಹದ್ದು ಒಯ್ತು. ಖರ್ಚಿಲ್ಲ, ಕೋಳಿನ ಎಲ್ಲಾ ನೋಡಿಕೊಳ್ಳತೈತಿ, ಆದ್ರ ಆ ಕೋಳಿಯಿಂದ ಮೂರು ತಿಂಗಳ ಹತ್ತಿರ ಒಂದೂ ತತ್ತಿ ಸಿಗಲಿಲ್ಲ ಅನ್ನೂದು ಲೆಕ್ಕಕ್ಕ ತಗೋರಿ.

ಮರಿ ಬೇಕಂದ್ರ ಕಾವಿಗೆ ಬಿಡತೇನಿ, ಇಲ್ಲಂದ್ರ ಮರುದಿನಾನ ಕ್ರೇಟು. ಈಗ ಬಿಳೇ ಕೋಳಿ ಕುಂತೈತಿ, ಕಾಕುಗ ತತ್ತಿ ಕೇಳಿದ್ರ "ಮಂಗಳವಾರ ಕೊಡತೇನಿ ತಡಿಯವಾ" ಅಂದಾರ, ಅಲ್ಲೀತನಕ ಹುಸಿ ಕಾವು ಕೂಡ್ಲಿ ಅಂತ ಎರಡು ಉಳ್ಳಾಗಡ್ಡಿ ಇಟ್ಟೇನಿ.