ರ‍್ಯಾಲಿಗೆ ಇಳಿಯೋ ಆಸೆನಾ? ಯಾವ ಸೀಟು?

ರ‍್ಯಾಲಿ ಅಂದರೆ ಕಡಿಮೆ ಸಮಯದಲ್ಲಿ ದಾರಿ ಮುಗಿಸುವ ಕಾರು ಸ್ಪರ್ಧೆ. ಕಾರಲ್ಲಿ ಇಬ್ಬರು ಇರುತ್ತಾರೆ: ಓಡಿಸುವ ಡ್ರೈವರ್, ದಾರಿ ಹೇಳುವ ಕೋ-ಡ್ರೈವರ್. ಹೊಸಬರಿಗೆ ಕಾಣೋದು ಡ್ರೈವರ್ ಸೀಟು ಮಾತ್ರ.

ಆ ಸೀಟಿಗೆ ದುಡ್ಡು ಜಾಸ್ತಿ ಬೇಕು. ಕಾರು, ಟೈರು, ಸರ್ವಿಸ್ ತಂಡ ಎಲ್ಲವೂ ಖರ್ಚೇ. ಪ್ರಾಯೋಜಕರು ಸಿಗೋವರೆಗೆ ಕೈಯಿಂದಲೇ ಹೋಗುತ್ತದೆ. ಹೆಸರು ಬಂದರೆ ದೊಡ್ಡದಾಗಿಯೇ ಬರುತ್ತದೆ. ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ರ‍್ಯಾಲಿ ಪಟ್ಟವನ್ನು ಮೂರು ಸಲ ಗೆದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೋಟಾರು ಕ್ರೀಡೆಗೆ ಅದೇ ಮೊದಲನೆಯದು.

ಕೋ-ಡ್ರೈವರ್ ಸುಮ್ನೆ ಪಕ್ಕದಲ್ಲಿ ಕೂತವರಲ್ಲ. ಮೊದಲು ನಿಧಾನವಾಗಿ ಹೋಗಿ ದಾರಿ ನೋಡುವಾಗ ಡ್ರೈವರ್ ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು. ಸ್ಪರ್ಧೆಯಲ್ಲಿ ಕಾರು ಕುಣಿಯುತ್ತಿರುವಾಗ 'ಲೆಫ್ಟ್ ತ್ರೀ, ಡೋಂಟ್ ಕಟ್' (ಎಡ ತಿರುವು, ಎಷ್ಟು ಚೂಪು ಅನ್ನೋ ಅಂಕೆ ಮೂರು, ಒಳ ಅಂಚು ಹತ್ತಿಸಬೇಡ) ಅಂತ ತಿರುವಿಗೆ ಮುಂಚೆಯೇ ಓದಬೇಕು. ತಡವಾದರೆ ಕಾರು ಗುಂಡಿಯಲ್ಲಿ. ಚೆಕ್‌ಪೋಸ್ಟಿಗೆ ಬಂದ ಸಮಯ ಬರೆಸುವ ಟೈಮ್ ಕಾರ್ಡೂ ಇವರದೇ ಹೊಣೆ. ವಿಶ್ವ ರ‍್ಯಾಲಿಯಲ್ಲಿ ಚೆಕ್‌ಪೋಸ್ಟಿಗೆ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಬಂದರೆ ಪೂರ್ತಿ ಒಂದು ನಿಮಿಷ! ಡೇನಿಯಲ್ ಎಲೆನಾ ಈ ಸೀಟಲ್ಲೇ ಕೂತು ಸೆಬಾಸ್ಟಿಯನ್ ಲೋಬ್ ಜೊತೆ 9 ವಿಶ್ವ ಪಟ್ಟ ಗೆದ್ದರು. ನಮ್ಮ ಮೂಸಾ ಶರೀಫ್ ಕೂಡ ಹೆಸರು ಮಾಡಿದ್ದು ಇಲ್ಲೇ.

ಕಾರಲ್ಲಿ ಓದಿದರೆ ವಾಂತಿ ಬರುತ್ತದಾ? ಹಾಗಿದ್ದರೆ ಈ ಸೀಟು ಕಷ್ಟ. ಬರಲ್ಲ, ಆದರೆ ಜೇಬು ಚಿಕ್ಕದು ಅಂದರೆ ನನ್ನ ಮಾತು ಕೇಳಿ, ಎಡಗಡೆಯ ಕೋ-ಡ್ರೈವರ್ ಸೀಟಿನಿಂದಲೇ ಶುರು ಮಾಡಿ. ಹೆಲ್ಮೆಟ್, ಸೂಟು, ಸ್ಪರ್ಧೆಯ ಲೈಸೆನ್ಸ್ ಇದ್ದರೆ ಮೊದಲ ರ‍್ಯಾಲಿಗೆ ಜೋಡಿ ಹುಡುಕಬಹುದು.